ಎದುರುಮನೆಯ ಕ್ಯಾಮೆರಾ ಮತ್ತು ಬಾತಿಯ ಹಾಲು

ದೊಡ್ಡವರ ಸ್ನೇಹದಷ್ಟು ಸುಸ್ತು ಮಾಡುವ ಸಂಗತಿ ಇನ್ನೊಂದಿಲ್ಲ. ಬೆಳಿಗ್ಗೆ ನಮ್ಮ ಯಜಮಾನರು ಪೇಪರ್ ಹಿಡಿದು, ಅಮೆರಿಕ ನಮ್ಮ ಜೊತೆ ರಕ್ಷಣಾ ಒಪ್ಪಂದವನ್ನೂ ಮಾಡಿಕೊಳ್ಳುತ್ತದೆ, ರಷ್ಯಾದ ಎಣ್ಣೆ ಕೊಳ್ಳಬೇಡಿ ಎಂದು ಕಣ್ಣೂ ಕೆಂಪಗೆ ಮಾಡುತ್ತದೆ, ಅತ್ತ ಪಾಕಿಸ್ತಾನಕ್ಕೂ ಯುದ್ಧವಿಮಾನದ ಬಿಡಿಭಾಗ ಕೊಡುತ್ತದೆ ಎಂದು ಕೂಗಾಡುವಾಗ ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿರುತ್ತೇನೆ. ನನಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ, ನಮ್ಮ ಗೇಟಿಗೆ ಸರಿಯಾಗಿ ಎದುರಿಗೆ, ಮೂರಂತಸ್ತಿನ ಮನೆಯ ರುದ್ರಪ್ಪನವರು ಇದ್ದಾರಲ್ಲ.

ಕಳ್ಳರ ಕಾಟವೆಂದು ಅವರು ಕ್ಯಾಮೆರಾ ಹಾಕಿಸಿದರು. ಅದು ಅವರ ಗೇಟನ್ನು ಬಿಟ್ಟು ನಮ್ಮ ಅಂಗಳವನ್ನೇ ನೋಡುತ್ತದೆ. ಅಂದಿನಿಂದ ನಾನು ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಂಡಿಲ್ಲ. ಸ್ವಲ್ಪ ಆಚೆ ತಿರುಗಿಸಿ ಎಂದು ಕೇಳಿದ್ದಕ್ಕೆ, "ನಿಮ್ಮ ಒಳ್ಳೇದಕ್ಕೇ ಐತೆ ತಂಗಿ, ಕಾಯೋರು ಒಬ್ರು ಇರ್ಬೇಕಲ್ಲ" ಎಂದರು. ಅಂಗಳ ನಮ್ಮದು, ಚಿತ್ರ ಮಾತ್ರ ಅವರ ಫೋನಿನಲ್ಲಿ.

ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸುತ್ತಿದ್ದೆ. ಪಕ್ಕದ ಹಳ್ಳಿ ಬಾತಿಯಿಂದ ಬೈಕಿಗೆ ಕ್ಯಾನು ಕಟ್ಟಿಕೊಂಡು ಬರುವ ಹಾಲಿನ ಬಸಣ್ಣನ ಮೇಲೆ ಅವರ ಕಣ್ಣು ಬಿತ್ತು. ಬೆಳಕು ಹರಿಯುವ ಮುಂಚೆ ಬೀದಿಗೆ ಬರುವವನನ್ನು ನಂಬಬಾರದಂತೆ. ಅವನನ್ನು ಬಿಡಿಸಿಬಿಡಿ, ಹರಿಹರದಲ್ಲಿ ನಮ್ಮ ಅಳಿಯನದೇ ಹಾಲಿನ ಏಜೆನ್ಸಿ ಇದೆ, ಪಾಕೆಟ್ ಬಾಗಿಲಿಗೇ ಬರುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಬಸಣ್ಣನ ಎಮ್ಮೆ ಹಾಲಿನ ಕೆನೆಯಿಂದಲೇ ನಮ್ಮ ಮನೆಯ ಬೆಣ್ಣೆ, ತುಪ್ಪ ಎಲ್ಲ.

"ನಮ್ಮ ಮನಿ ಹಾಲು ಯಾರತ್ರ ತಗಬೇಕು ಅನ್ನೋದು ನಾವು ನೋಡ್ಕಂತೀವಿ ಬಿಡ್ರಿ ಅಣ್ಣಾರೆ" ಎಂದೆ.

ಅವರು ನಕ್ಕರು. ಕಾಂಪೌಂಡ್ ಗೋಡೆಯ ಜಗಳದಲ್ಲಿ ನಮ್ಮೊಂದಿಗೆ ಮಾತು ಬಿಟ್ಟಿರುವ ಹಿಂದಿನ ಮನೆಯವರಿಗೆ ಮರುವಾರವೇ ತಾವೇ ನಿಂತು ಒಂದು ಕ್ಯಾಮೆರಾ ಹಾಕಿಸಿಕೊಟ್ಟರು. ಈಗ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗಲೂ ನನಗೆ ಕಾವಲು. ಒಂದು ಸಂಜೆ ಯಜಮಾನರಿಗೆ ಹೇಳಿದರೆ, ಬೆಳಗಿನ ಪೇಪರಿನಿಂದ ತಲೆಯೆತ್ತದೆ, ಇಬ್ಬರ ಹತ್ತಿರವೂ ಚೆನ್ನಾಗಿರಬೇಕು, ನಮ್ಮದು ಅಲಿಪ್ತ ನೀತಿ ಎಂದರು. ಅಮೆರಿಕಕ್ಕೆ ಕೂಗುವ ಗಂಟಲು ಎದುರುಮನೆಗೆ ಏಳುವುದಿಲ್ಲ.

ಸಿಟ್ಟಿನಲ್ಲೇ ಅಂಗಳಕ್ಕೆ ಬಂದು ನಿಂತೆ. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಕುಕ್ಕುವಾಡದ ಹುಡುಗಿ ಶೋಭಾ ಕೆಲಸ ಮುಗಿಸಿ ಬಂದು ಮೆಟ್ಟಿಲು ಹತ್ತುತ್ತಿದ್ದಳು. ನಿನ್ನೆ ಬೈಕಿನಲ್ಲಿ ಬಂದವರು ಯಾರು, ಎಷ್ಟು ಹೊತ್ತಿಗೆ ಹೋದರು ಎಂದು ವಿಚಾರಿಸಿದೆ. ನಮ್ಮಣ್ಣ, ಊರಿಂದ ರೊಟ್ಟಿ ತಂದುಕೊಟ್ಟು ಹೋದ ಎಂದಳು.

"ನಿನ್ನ ಒಳ್ಳೇದಕ್ಕೇ ಕೇಳಿದ್ದು ನೋಡಮ್ಮ" ಎಂದೆ.

ಅವಳು ಎದುರುಮನೆಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದಳು. "ಕ್ಯಾಮೆರಾ ಆ ಕಡೆ ಐತೆ ಅನ್ಕಂಡಿದ್ದೆ ಆಂಟಿ" ಎಂದು ಮೇಲೆ ಹೋದಳು.

ಆ ಚಿತ್ರವೂ ರುದ್ರಪ್ಪನವರ ಫೋನಿನಲ್ಲಿ ಇರಬೇಕು. ಪುಣ್ಯಕ್ಕೆ ಅವರ ಕ್ಯಾಮೆರಾಕ್ಕೆ ಮಾತು ಕೇಳಿಸುವುದಿಲ್ಲ.