ಊಟವಾದ ಮೇಲೆ ಒಂದು ಮಾತ್ರೆ

ಔಷಧಿಯ ಚೀಟಿಯನ್ನು ಎಷ್ಟೇ ಸ್ಪಷ್ಟವಾಗಿ ಬರೆದುಕೊಟ್ಟರೂ ಜನ ಅದನ್ನು ತಮ್ಮದೇ ರೀತಿಯಲ್ಲಿ ಪಾಲಿಸುತ್ತಾರೆ. ಕಾನ್ವೆಂಟಿನಲ್ಲಿ ಅಕ್ಷರ ತಿದ್ದಿದವಳು ನಾನು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ಇಷ್ಟು ವರ್ಷವಾದರೂ ಪ್ರತಿ ಸಲವೂ ಗಾಬರಿ ತಪ್ಪಿಲ್ಲ.

೧. ಸಿಹಿ ಸುದ್ದಿ

ರೇಷ್ಮೆ ಸೀರೆ ನೇಯುವ ಹೆಂಗಸು, ವಯಸ್ಸು ನಲವತ್ತಾರು. ಮಗಳ ಧಾರೆ ಸೀರೆಯನ್ನು ಅರ್ಧಕ್ಕೇ ನಿಲ್ಲಿಸಿ, ಮಗ್ಗದ ಮುಂದೆ ಕೂತು ಅಳುತ್ತಿದ್ದಳಂತೆ. ಡಾಕ್ಟರು ಖಿನ್ನತೆಗೆ ಮಾತ್ರೆ ಕೊಟ್ಟರು. "ಮೊದಮೊದಲು ವಾಕರಿಕೆ ಬರಬಹುದು, ಬಾಯಿ ಒಣಗಬಹುದು. ಗುಣ ಕಾಣಲು ಕೆಲವು ವಾರ ಬೇಕು. ನೀವಾಗಿ ನಿಲ್ಲಿಸಬಾರದು" ಎಂದು ಅವಳಿಗೂ ಜೊತೆಗೆ ಬಂದಿದ್ದ ಅವಳ ಅತ್ತೆಗೂ ಹೇಳಿ, 'ಊಟವಾದ ಮೇಲೆ ಒಂದು' ಎಂದು ಬರೆದುಕೊಟ್ಟೆ.

ಐದನೇ ದಿನ ಅತ್ತೆ ಸೊಸೆಯನ್ನು ನೇರ ಹೆರಿಗೆ ವಾರ್ಡಿಗೆ ಕರೆತಂದರು! ಕೈಯಲ್ಲಿ ಸಕ್ಕರೆ ಪೊಟ್ಟಣ.

"ವಾಕರಿಕೆ ಕಣವ್ವ. ಬಾಯಿ ಒಣಗ್ತದೆ ಅಂತ ಉಣಸೆಣ್ಣು ಚೀಪ್ತಾವ್ಳೆ. ಬಸುರಿ ಅಂತ ಮಾತ್ರೆ ನಿಲ್ಸಿವ್ನಿ."

"ಮಗಳ ಮದುವೆ ಇಟ್ಟುಕೊಂಡು ಏನಿದು?" ಎಂದೆ.

ಸೊಸೆ ಹಿಂದಿನಿಂದ ಮೆಲ್ಲಗೆ ಹೇಳಿದಳು: "ನಾನೂ ಅದ್ನೇ ಕೇಳ್ದೆ ಮೇಡಂ. ಮದ್ವೆ ಊಟದಲ್ಲೇ ನಾಮಕರಣನೂ ಮುಗುಸ್ಬುಡನ ಅಂದ್ರು."

೨. ಯಳಂದೂರಿನ ನಾದಿನಿ

ಪರೀಕ್ಷೆಯಲ್ಲಿ ಬಸಿರಿಲ್ಲವೆಂದು ಗೊತ್ತಾಗಿ ಮಾತ್ರೆ ಮತ್ತೆ ಶುರುವಾಯಿತು. ಕೆಲವು ವಾರದಲ್ಲಿ ಅವಳಿಗೆ ನಿದ್ದೆ ಬಂತು, ಮಗ್ಗದ ಲಾಳಿಯೂ ಓಡಿತು. ಅಷ್ಟರಲ್ಲಿ ಗಂಡ ಮಾತ್ರೆ ಮುಗಿಯಿತೆಂದು ಬಂದ.

"ಇನ್ನೂ ಹತ್ತು ದಿನಕ್ಕೆ ಇರಬೇಕಲ್ಲ?"

"ಯಳಂದೂರಿಂದ ತಂಗಿ ಬಂದಿದ್ಲು ಮೇಡಂ. ಅವ್ಳಿಗೂ ಬೇಜಾರಂತೆ. ಒಂದ್ ಶೀಟು ಕೊಟ್ಕಳಿಸ್ದೊ. ಕಾಫಿಪುಡಿ ಕೇಳುದ್ರೆ ಕೊಡಕಿಲ್ವಾ?"

ಅವನನ್ನು ಕೂರಿಸಿಕೊಂಡು ವಿವರಿಸಿದೆ: ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವಿದೆ, ಅದು ಬೇಗ ಹಿಂದಕ್ಕೆ ಹೀರಿಹೋಗದಂತೆ ಈ ಮಾತ್ರೆ ತಡೆಯುತ್ತದೆ, ಯಾರಿಗೆ ಬೇಕು, ಎಷ್ಟು ಬೇಕು ಎಂದು ಡಾಕ್ಟರೇ ಹೇಳಬೇಕು.

ಅವನು ತಲೆದೂಗಿ, ಫೋನು ಮಾಡಿ ನನ್ನ ಕಿವಿಗೇ ಹಿಡಿದ. "ಇದ್ನೆಲ್ಲ ತಂಗಿಗೂ ಯೋಳ್ಬುಡಿ ಮೇಡಂ. ಅವ್ಳು ಅರ್ಧ ಶೀಟು ಪಕ್ಕದ ಮನೆಗೆ ಕೊಟ್ಟವ್ಳಂತೆ."

೩. ಸೆರಗಿನ ಗಂಟು

ಕೊನೆಗೂ ಸೀರೆ ಮುಗಿಯಿತು. ತೋರಿಸಲೆಂದೇ ಬಂದ ಸೊಸೆ ಅಂಚು ಬಿಡಿಸಿ ನಗುತ್ತಿದ್ದಳು. ಮಾತ್ರೆ ಇನ್ನೂ ಬಿಡುವ ಹಾಗಿಲ್ಲವೆಂದು ಎಚ್ಚರಿಸುತ್ತಿದ್ದೆ. ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದು ಸೆರಗಿನ ಗಂಟು ಬಿಚ್ಚಿದರು. ಒಳಗೆ ಎರಡು ಮಾತ್ರೆ!

"ಇವು ಹೇಗೆ ಉಳಿದವು?"

"ಅಮಾಸೆಗೆ ಅನೂರು, ಅಜ್ಜೀಪುರದ ಮೇಲೆ ದೇವ್ರ ಬೆಟ್ಟಕ್ಕೆ ನಡ್ಕಂಡು ಓಗಿದ್ವಿ. ಎಲ್ಡು ದಿನ ಉಪಾಸ. ಊಟ ಆದ್ಮೇಲೆ ಒಂದು ಅಂತ ನೀವೇ ಬರ್ದಿದ್ರಲ್ಲವ್ವ? ಊಟ ಇಲ್ಲ, ಮಾತ್ರೆ ಇಲ್ಲ."

ಚೀಟಿಯ ಅಕ್ಷರ ನನ್ನದೇ.

"ಸರಿ, ಈಗ ಯಾಕೆ ತಂದಿರಿ?"

ಅವರು ಎರಡನ್ನೂ ನನ್ನ ಅಂಗೈಗಿಟ್ಟು ಬೆರಳು ಮಡಚಿದರು. "ಎಲ್ಡು ತಿಂಗ್ಳಿಂದ ನೋಡ್ತಾ ಇವ್ನಿ ಕಣವ್ವ, ನೀವು ಒಂದಿನ್ವೂ ನಗ್ನಿಲ್ಲ. ಊಟ ಮಾಡ್ಬುಟ್ಟು ನುಂಗ್ಬುಡಿ."