ಮೈದುನನನ್ನು ಸುತ್ತಿಕೊಂಡ ಕಹಳೆ

ನನ್ನ ಮೈದುನನನ್ನು, ಅಂದರೆ ನಿಮ್ಮ ಚಿಕ್ಕಜ್ಜನನ್ನು, ಸಂಜೆಯಾದರೆ ಹಿತ್ತಾಳೆಯ ಹೆಬ್ಬಾವೊಂದು ಸುತ್ತಿಕೊಳ್ಳುತ್ತಿತ್ತು ಎಂದರೆ ನಂಬುತ್ತೀರಾ ಮಕ್ಕಳೇ? ಅದರ ಹೆಸರು ಸೂಸಾಫೋನ್. ಕೂತು ಊದುವ ದೊಡ್ಡ ಕಹಳೆಯನ್ನು ನಡೆಯುತ್ತಲೂ ಊದಲಿ ಎಂದು ಯಾರೋ ಪುಣ್ಯಾತ್ಮರು ಬಳುಕಿಸಿ, ಮೈಗೆ ಸುತ್ತಿ ಹೆಗಲಿಗೇರಿಸಿದ್ದರು. ಅದರ ಬಾಯಲ್ಲಿ ಕೂಸನ್ನು ಮಲಗಿಸಬಹುದಿತ್ತು!

ಇಸವಿ ತೊಂಬತ್ತೊಂದೋ ತೊಂಬತ್ತೆರಡೋ ಇರಬೇಕು. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ನಮ್ಮ ಮನೆಯವರ ವೃತ್ತಿ. ಬೆಳಿಗ್ಗೆ ನಿಮ್ಮ ಅಜ್ಜನ ಪಕ್ಕ ಕೂತು ಮಂತ್ರ ಹೇಳುವ ಈ ಮಹಾರಾಯ ಸಂಜೆ ಕೆಂಪು ಕೋಟು ತೊಟ್ಟು ಮದುವೆ ಬರಾತಿನ, ಅಂದರೆ ಗಂಡಿನ ದಿಬ್ಬಣದ, ಬ್ಯಾಂಡಿನಲ್ಲಿ ಭೋಂ ಎನ್ನುತ್ತಿದ್ದ. ನನಗೋ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದೇ ಕೆಲಸ!

ಒಮ್ಮೆ ಯಾತ್ರೆಗೆ ಬಂದಿದ್ದ ಧಾರವಾಡದ ಅಜ್ಜಿಯೊಬ್ಬರ ಜೊತೆ ಸೋನಾರ್‌ಪುರದ ಬೀದಿಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಎದುರಿಗೇ ಬರಾತು!

"ಮುಂಜಾನೆ ನಮಗ ಪಿಂಡ ಇಡಿಸಿದವ್ರು ಇವ್ರ ಅಲ್ಲೇನ್ರೀ?"

"ಛೆ, ಯಾರೋ ಇಲ್ಲಿಯವರು" ಎಂದೆ.

ಅಷ್ಟರಲ್ಲಿ ಕಹಳೆಯಿಂದ ಬಾಯಿ ತೆಗೆದು ಆತನೇ ಕೂಗಿದ: "ಅತ್ತಿಗೇ, ಸಾರು ಮುಗಿಸ್ಬೇಡಿ, ನಾನು ಬರೋದು ತಡವಾಗತ್ತೆ!"

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. "ಎಂಜಲ ಬಾಯಿಲೆ ಮಂತ್ರಾ ಹೇಳಿದ್ರೇನ್ರೀ?"

ಮಾತು ನಿಮ್ಮ ಅಜ್ಜನ ಕಿವಿಗೂ ಬಿತ್ತು. "ಮೊದಲು ಆ ಕಹಳೇನ ಶುದ್ಧ ಮಾಡೋ!" ಎಂದು ಗುಡುಗಿದರು. ವಿಧೇಯ ತಮ್ಮನಲ್ಲವೇ? ಕೊಡ ತುಂಬ ಗಂಗೆಯನ್ನು ತಂದು ಕಹಳೆಯೊಳಗೇ ಸುರಿದುಬಿಟ್ಟ! ಆ ಸಂಜೆ ಮದುಮಗನ ಮಾವನಿಗೆ ಬಗ್ಗಿ ನಮಸ್ಕರಿಸಿದನಂತೆ. ಒಳಗೆ ಉಳಿದಿದ್ದ ಗಂಗೆಯೆಲ್ಲ ಅವರ ಪೇಟದ ಮೇಲೆ!

"ಅರೇ ಪಂಡಿತ್‌ಜೀ, ಯೇ ಕ್ಯಾ ಕಿಯಾ?"

"ಆಪ್‌ಕಾ ಗಂಗಾಸ್ನಾನ್ ಹೋ ಗಯಾ!" ಇದೇನು ಮಾಡಿದಿರಿ ಎಂದರೆ, ನಿಮ್ಮ ಗಂಗಾಸ್ನಾನ ಆಯಿತು ಎಂದನಂತೆ!

ಮರುದಿನ ಓಣಿಯೆಲ್ಲ ನಗು. ಹಾಲಿನವನೂ ನನ್ನ ಮುಖ ನೋಡಿ ನಕ್ಕ. ನೆಲ ಬಾಯಿಬಿಡಬಾರದೇ ಅನಿಸಿತು. ಯಾತ್ರಿಕರು ಬೇರೆ ಪುರೋಹಿತರ ಮನೆ ಹುಡುಕತೊಡಗಿದರು. ನಿಮ್ಮ ಅಜ್ಜ ನನ್ನನ್ನು ಕರೆದರು. "ಇವತ್ತೇ ಆ ಕಹಳೆ ಮನೆಯಿಂದಾಚೆ ಹೋಗಬೇಕು. ಬಿಡೋಲ್ಲ ಅಂದರೆ ಅವನೂ ಹೋಗಲಿ. ಹೋಗಿ ಹೇಳು."

ಇಂಥ ಸುದ್ದಿ ಮುಟ್ಟಿಸಲು ಹೆಂಗಸರೇ ಆಗಬೇಕು, ನೋಡಿ!

ಮಾಳಿಗೆಯ ಮೆಟ್ಟಿಲು ಹತ್ತಿದೆ. ಮೈದುನ ಮೆತ್ತಗೆ ಊದುತ್ತಿದ್ದ. ಎದುರಿಗೆ ನನ್ನ ಅತ್ತೆ. ಅವರ ಕಿವಿ ಪೂರ್ತಿ ಹೋಗಿ ವರ್ಷಗಳಾಗಿದ್ದವು. ಮಕ್ಕಳ ದನಿಯನ್ನೇ ಮರೆತಿದ್ದೇನೆ ಎನ್ನುತ್ತಿದ್ದರು. ಈಗ ಎರಡೂ ಅಂಗೈಯನ್ನು ಆ ಹಿತ್ತಾಳೆಗೆ ಒತ್ತಿ, ಕೆನ್ನೆಯನ್ನೂ ಆನಿಸಿ, ಕಣ್ಣು ಮುಚ್ಚಿ, ಪ್ರತಿ ಸ್ವರಕ್ಕೂ "ಹೂಂ, ಹೂಂ" ಎನ್ನುತ್ತಿದ್ದರು.

ಹೆಜ್ಜೆಯ ಅದುರು ತಿಳಿದು ಕಣ್ಣು ತೆರೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು.

"ಸ್ವಲ್ಪ ಸುಮ್ಮನಿರೇ. ಮಗ ಮಾತಾಡ್ತಿದಾನೆ."

ಕೆಳಗಿನಿಂದ ನಿಮ್ಮ ಅಜ್ಜ ಕೂಗಿದರು: "ಹೇಳಿದೆಯೇನೇ?"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.