ಏಳನೆಯ ಕಟ್ಟೆಯ ಮುಖ

ಚಳಿಗಾಲಕ್ಕೆ ಆಟ ನಿಲ್ಲುವ ಕೊನೆಯ ಸಂಜೆಯೂ ಗಾಲ್ಫ್ ಮೈದಾನದ ಚಿಕ್ಕ ಮೇಸ್ತ್ರಿಯ ಅಡುಗೆಮನೆ ಕಿಟಕಿಯ ಗಾಜು ಒಡೆಯಿತು. ಅವನ ಹೆಂಡತಿ ಕೂಗಾಡಲಿಲ್ಲ. ಪಾತ್ರೆಗೆ ಬಿದ್ದಿದ್ದ ಗಾಲ್ಫ್ ಚೆಂಡನ್ನು ಸೌಟಿನಲ್ಲಿ ಎತ್ತಿ ಗಂಡನ ತಟ್ಟೆಗೆ ಬಡಿಸಿದಳು.

“ನಾಳೆ ಹೊಸ ಗಾಜು ಹಾಕಿಸ್ತೀನಿ,” ಎಂದಳು ಮೆಲ್ಲಗೆ. “ಅದೂ ಒಡೀತು ಅಂದ್ರೆ ನಾನು ಅಣ್ಣನ ಮನೆಗೆ ಹೊರಟೆ. ಆಮೇಲೆ ನೀವೂ ನಿಮ್ಮ ಚೆಂಡೂ ಸುಖವಾಗಿರಿ.”

ಅವಳ ಕೂಗಾಟ ಅವನಿಗೆ ಅಭ್ಯಾಸವಾಗಿತ್ತು. ಮೆಲ್ಲಗೆ ಮಾತಾಡಿದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಚಳಿಗಾಲದಲ್ಲಿ ರಜೆ ಮೈದಾನಕ್ಕೆ, ಅಲ್ಲಿ ದುಡಿಯುವವರಿಗಲ್ಲ. ಮರಳುಗುಂಡಿಗಳಿಗೆ ಹೊಸ ಮರಳು ತುಂಬಬೇಕು, ಚರಂಡಿ ತೋಡಬೇಕು, ಒಣಕೊಂಬೆ ಕಡಿಯಬೇಕು. ಈ ಸಲ ಇನ್ನೊಂದು ಕೆಲಸವೂ ಇತ್ತು. ಏಳನೆಯ ಕುಳಿಯ ಕಟ್ಟೆಯನ್ನು, ಅಂದರೆ ಕ್ಲಬ್ಬಿನ ಸದಸ್ಯರು ನಿಂತು ಮೊದಲ ಹೊಡೆತ ಹೊಡೆಯುವ ಮಣ್ಣಿನ ದಿಬ್ಬವನ್ನು, ಅಗೆದು ಹೊಸದಾಗಿ ಕಟ್ಟಬೇಕಿತ್ತು. ಸುದ್ದಿ ಕೇಳಿದಾಗಲೇ ಚಿಕ್ಕ ಮೇಸ್ತ್ರಿಗೆ ಕುಣಿಯುವಂತಾಗಿತ್ತು.

ಏಕೆಂದರೆ ಕುಳಿ ತೋರಿಸುವ ದೂರದ ಬಾವುಟ ನೋಡಿ ಹೊಡೆಯುವ ಅಭ್ಯಾಸ ಈ ಸದಸ್ಯರಲ್ಲಿ ಒಬ್ಬರಿಗೂ ಇರಲಿಲ್ಲ. ಕಟ್ಟೆಯ ಅಂಚು ಎತ್ತ ಮುಖ ಮಾಡಿದೆಯೋ ಅತ್ತಲೇ ಕಾಲೂರಿ ಬೀಸುತ್ತಿದ್ದರು. ಹಳೆಯ ಕಟ್ಟೆ ನೆಟ್ಟಗೆ ಅವನ ಅಡುಗೆಮನೆಯನ್ನೇ ದಿಟ್ಟಿಸುತ್ತಿತ್ತು. ಹೊಸ ಕಟ್ಟೆಯ ಗೂಟಗಳನ್ನು ಸಮಿತಿಯವರು ಬಾವುಟದ ಕಡೆಗೆ ನೆಟ್ಟು ಹೋಗಿದ್ದರು. ಚಿಕ್ಕ ಮೇಸ್ತ್ರಿಗೆ ಅಷ್ಟು ಸಾಲದು. ಅಗೆಯುವ ಯಂತ್ರ ಬರುವ ಮೊದಲೇ, ಮರುದಿನ ಬೆಳ್ಳಂಬೆಳಗ್ಗೆ ಗೂಟಗಳನ್ನೆಲ್ಲ ಕಿತ್ತು ಎಡಕ್ಕೆ ತಿರುಗಿಸಿ ನೆಟ್ಟ. ಎಡಗಡೆ ಇದ್ದದ್ದು ದೊಡ್ಡ ಮೇಸ್ತ್ರಿಯ ಮನೆ.

ದೊಡ್ಡ ಮೇಸ್ತ್ರಿ ಸಾಮಾನ್ಯದವನಲ್ಲ. “ನಿನ್ನ ಕಿಟಕಿ ನೋಡಿದ್ರೆ ಹಲ್ಲುದುರಿದ ಬಾಯಿ ಥರ ಇದೆಯಲ್ಲೋ!” ಎಂದು ವರ್ಷಗಟ್ಟಲೆ ಆಡಿಕೊಂಡು ನಕ್ಕವನು. ಇನ್ನು ಮುಂದೆ ಯಾರ ಬಾಯಿ ಹೇಗಿರುತ್ತದೋ ನೋಡೋಣ ಎಂದುಕೊಂಡು ಚಿಕ್ಕ ಮೇಸ್ತ್ರಿ ಕೈಗೆ ಬಿಸಿಯುಸಿರು ಊದಿಕೊಂಡ.

ಅಷ್ಟರಲ್ಲಿ ಸದಸ್ಯರಲ್ಲೊಬ್ಬರಾದ ಹಲ್ಲಿನ ಡಾಕ್ಟರು ಉಣ್ಣೆಟೋಪಿ ಹಾಕಿಕೊಂಡು ಬಂದರು.

“ಏನಪ್ಪಾ, ಒಂಚೂರು ಬಲಕ್ಕೆ ತಿರುಗಿಸು. ಎಡಗಡೆ ಕೊಳ ಇದೆ, ನನ್ನ ಚೆಂಡೆಲ್ಲ ಮೀನಿನ ಪಾಲಾಗುತ್ತೆ.”

“ಆಯ್ತು ಡಾಕ್ಟ್ರೇ.” ಗೂಟ ಬಲಕ್ಕೆ ಹೋಯಿತು. ಡಾಕ್ಟರು ಬೆನ್ನು ತಿರುಗಿಸಿದ್ದೇ ತಡ, ಎಡಕ್ಕೆ ಬಂತು.

ಆಮೇಲೆ ನಿವೃತ್ತ ನ್ಯಾಯಾಧೀಶರು. “ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಪೂರ್ತಿ ಹಿಂದುಮುಂದು ಮಾಡಿಬಿಡು.”

“ಹಾಗೆ ಮಾಡಿದ್ರೆ ಚೆಂಡು ಕಾರು ನಿಲ್ಲಿಸೋ ಜಾಗಕ್ಕೆ ಹೋಗುತ್ತೆ ಸಾರ್.”

“ನಾನು ನಡೆದೇ ಬರ್ತೀನಪ್ಪಾ, ನನಗೇನು?”

ಗೂಟ ಹೋಯಿತು, ಗೂಟ ಬಂತು. ಯಂತ್ರದ ಡ್ರೈವರು ಮೇಲೆ ಕೂತು ಬನ್ನು ತಿನ್ನುತ್ತ ನೋಡುತ್ತಿದ್ದ. “ಅಣ್ಣಾ, ಕೆಲಸ ಇದೆಯೋ, ಇಲ್ಲ ನಾಟಕ ನೋಡೋಕೆ ಕರೆಸಿದ್ದೀರೋ?”

“ಅಗೆ ಮಾರಾಯಾ, ಇನ್ನೊಬ್ಬರು ಬರೋದ್ರೊಳಗೆ ಅಗೆದುಬಿಡು!”

ಡ್ರೈವರು ಗೂಟ ನೋಡಿ ಅಗೆದ. ಗೂಟ ತಿರುಗಿಸಿದ ಸಂಭ್ರಮದಲ್ಲಿ ಚಿಕ್ಕ ಮೇಸ್ತ್ರಿ ಒಂದು ಸಂಗತಿ ಮರೆತಿದ್ದ. ಅದೇ ಜಾಗದಲ್ಲಿ ಹುಲ್ಲಿಗೆ ನೀರುಣಿಸುವ ಪೈಪು ಹಾದುಹೋಗಿತ್ತು. ಚಳಿಗಾಲಕ್ಕೆ ಅದರ ನೀರು ಖಾಲಿ ಮಾಡುವುದು ಅವನದೇ ಕೆಲಸ. ಅದನ್ನೂ ಮಾಡಿರಲಿಲ್ಲ.

ಪೈಪು ಒಡೆದು ನೀರು ಆಳೆತ್ತರ ಚಿಮ್ಮಿತು. ಹೊಸ ಮಣ್ಣು ಕೊಚ್ಚಿಹೋದರೆ ಕಟ್ಟೆಯೂ ಹೋಯಿತು, ಹೆಂಡತಿಯೂ ಹೋದಳು! ಚಿಕ್ಕ ಮೇಸ್ತ್ರಿ ಹಿಂದೆಮುಂದೆ ನೋಡದೆ ಗುಂಡಿಗೆ ಹಾರಿ ಪೈಪಿನ ಮೇಲೆ ಕುಳಿತೇಬಿಟ್ಟ. ಹಲ್ಲು ಕಟಕಟ ಹೊಡೆಯುತ್ತಿತ್ತು. “ಓಡು, ವಾಲ್ವ್ ತಿರುಗಿಸು!” ಎಂದು ಕಿರುಚಿದ. ಡ್ರೈವರು ವಾಲ್ವ್ ಹುಡುಕಲು ಓಡಿದ.

ಆ ಹೊತ್ತಿಗೆ ಸರಿಯಾಗಿ ಕ್ಲಬ್ಬಿನ ಅಧ್ಯಕ್ಷರು ಬಂದರು. ನಡುಗುತ್ತ ನೀರಿನ ಮೇಲೆ ಕೂತವನನ್ನು ಕಂಡು ಅವರ ಕಣ್ಣು ತುಂಬಿ ಬಂತು.

“ಮೈದಾನ ಉಳಿಸೋಕೆ ಮೈಯನ್ನೇ ಒಡ್ಡಿದ್ದೀಯಲ್ಲಯ್ಯಾ! ಇಂಥವನನ್ನ ನಾನು ಕಂಡಿರಲಿಲ್ಲ. ಸಂಜೆ ಬರ್ತೀನಿ, ಹೊಸ ಕಟ್ಟೆ ಮೇಲೆ ಮೊದಲ ಹೊಡೆತ ನಂದೇ. ನಿನಗೂ ಒಂದು ಸಿಹಿಸುದ್ದಿ ಇದೆ.”

ಚಿಕ್ಕ ಮೇಸ್ತ್ರಿಗೆ ಚಳಿಯೇ ಮರೆತುಹೋಯಿತು. ಪೈಪು ಸರಿಮಾಡಿಸಿದ, ಮಣ್ಣು ತುಂಬಿಸಿದ, ರೋಲರು ಎಳೆಸಿದ. ಮಧ್ಯಾಹ್ನ ಹೆಂಡತಿಯ ಫೋನು ಬಂತು.

“ರೀ, ಬೇಗ ಬನ್ನಿ. ಕ್ಲಬ್ಬಿನ ಆಫೀಸಿನವರು ಬಂದು ಏನು ಹೇಳಿದ್ರು ಗೊತ್ತಾ?”

“ಆಮೇಲೆ ಹೇಳೇ, ಕೈತುಂಬ ಕೆಲಸ ಇದೆ! ಗಾಜು ಹಾಕಿಸಿದ್ಯಾ?”

“ಹಾಕ್ತಿದ್ದಾರೆ, ಆದ್ರೆ...”

“ಹಾಕಿಸು, ಹಾಕಿಸು! ಇನ್ನು ಜನ್ಮದಲ್ಲಿ ಒಡೆಯಲ್ಲ!” ಎಂದು ಫೋನಿಟ್ಟ.

ಸಂಜೆ ಅಧ್ಯಕ್ಷರು ಬಂದರು. ಡಾಕ್ಟರು, ನ್ಯಾಯಾಧೀಶರು ಹಿಂದೆಯೇ ಬಂದರು. ಹಸಿಮಣ್ಣಿನ ಮೇಲೆ ಹಸಿರು ಚಾಪೆ ಹಾಸಿ ಚೆಂಡಿಟ್ಟರು. ಅಧ್ಯಕ್ಷರು ಬಾವುಟದ ಕಡೆ ಕಣ್ಣೂ ಹಾಯಿಸದೆ, ಕಟ್ಟೆಯ ಅಂಚಿಗೆ ಸರಿಯಾಗಿ ಕಾಲೂರಿ ಬೀಸಿದರು. ಚೆಂಡು ಕೊಳ ದಾಟಿ ಎಡಕ್ಕೆ, ದೊಡ್ಡ ಮೇಸ್ತ್ರಿಯ ಮನೆಯ ಕಡೆಗೆ, ಹಕ್ಕಿಯಂತೆ ಹಾರಿತು. ಚಿಕ್ಕ ಮೇಸ್ತ್ರಿ ತುದಿಗಾಲಲ್ಲಿ ನಿಂತು ನೋಡಿದ.

ಠಳ್!

ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. “ಅಯ್ಯೋ ಪಾಪ,” ಎಂದ, ನಗು ತಡೆದುಕೊಂಡು. “ದೊಡ್ಡ ಮೇಸ್ತ್ರಿಯವರ ಕಿಟಕಿ ಇರಬೇಕು ಸಾರ್.”

“ಯಾವ ದೊಡ್ಡ ಮೇಸ್ತ್ರಿ?” ಅಧ್ಯಕ್ಷರು ಅವನ ಬೆನ್ನು ತಟ್ಟಿದರು. “ಅವರು ಬೇರೆ ಯಾರಿಗೂ ಹೇಳದೆ ಇವತ್ತೇ ನಿವೃತ್ತಿ ತಗೊಂಡ್ರಯ್ಯಾ, ಮಧ್ಯಾಹ್ನವೇ ಗಾಡಿ ಕಟ್ಟಿ ಹೊರಟ್ರು. ಈಗ ದೊಡ್ಡ ಮೇಸ್ತ್ರಿ ನೀನೇ! ಆ ಮನೇನೂ ನಿಂದೇ. ನಿನ್ನ ಹೆಂಡತಿಗೆ ಆಗಲೇ ಬೀಗದಕೈ ಕಳಿಸಿದ್ದೆ. ಪಾಪ, ಎಷ್ಟು ಖುಷಿ ಅಂತೀಯಾ! ಅಡುಗೆಮನೆಯ ಹಳೇ ಮಬ್ಬು ಗಾಜು ತೆಗೆಸಿ ಹೊಸ ಗಾಜನ್ನೂ ಅಲ್ಲೇ ಹಾಕಿಸ್ಕೊಂಡ್ರಂತೆ.”

ಚಿಕ್ಕ ಮೇಸ್ತ್ರಿ ಆ ಮನೆಯ ಕಡೆ ತಿರುಗಿದ.

ದೂರದ ಮನೆಯ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಸೌಟು, ಸೌಟಿನಲ್ಲಿ ಚೆಂಡು. ಅವಳು ಓಡಿ ಬರಲಿಲ್ಲ. ನಿಧಾನವಾಗಿ ಕೊಳ ಬಳಸಿಕೊಂಡು ಬಂದು ಕಟ್ಟೆಯ ಕೆಳಗೆ ನಿಂತಳು. ಕಟ್ಟೆಯ ಅಂಚನ್ನು ನೋಡಿದಳು, ತಿರುಗಿ ತನ್ನ ಕಿಟಕಿಯನ್ನು ನೋಡಿದಳು.

“ಈ ಕಟ್ಟೆ ಕಟ್ಟಿದ್ದು ಯಾರು?” ಎಂದು ಕೇಳಿದಳು, ಬಹಳ ಮೆಲ್ಲಗೆ.

ಅಧ್ಯಕ್ಷರು ಎದೆಯುಬ್ಬಿಸಿ ಹೇಳಿದರು: “ನಿಮ್ಮ ಯಜಮಾನ್ರೇ, ತಾಯಿ! ಒಂದೊಂದು ಗೂಟಾನೂ ತಾವೇ ಕೈಯಾರೆ ನೆಟ್ಟಿದ್ದಾರೆ!”